ಅಮೆರಿಕದಲ್ಲೇ ಹೊಲಿದ ಕೆಲಸದ ಬೂಟು: ಹುಡುಕಿ ಕೊಳ್ಳಬೇಕೆ?

ಅಮೆರಿಕದಲ್ಲಿ ಮಾರಾಟವಾಗುವ ಪಾದರಕ್ಷೆಗಳಲ್ಲಿ ನೂರಕ್ಕೆ 98–99 ಜೋಡಿ ಹೊರದೇಶಗಳಿಂದ ಬಂದವು. ಹಾಗಿದ್ದೂ ಮಿನ್ನೆಸೋಟ, ವಿಸ್ಕಾನ್ಸಿನ್, ಆರೆಗಾನ್, ವಾಷಿಂಗ್ಟನ್ ರಾಜ್ಯಗಳ ಕೆಲವು ಊರುಗಳಲ್ಲಿ ಕೆಲಸದ ಬೂಟು ಹೊಲಿಯುವ ಕಾರ್ಖಾನೆಗಳು ಇನ್ನೂ ಉಸಿರಾಡುತ್ತಿವೆ. ಕಟ್ಟಡ, ಗೋದಾಮು, ಕಾಡು, ವಿದ್ಯುತ್ ಕಂಬ ಅಂತ ದಿನವಿಡೀ ಕಾಲಿನ ಮೇಲೆ ದುಡಿಯುವವರು ಎರಡು ಮೂರು ಪಟ್ಟು ದುಡ್ಡು ಕೊಟ್ಟು ಈ ಬೂಟನ್ನೇ ಹುಡುಕಿ ಕೊಳ್ಳಬೇಕೆ? ಕಸುಬು ಬಲ್ಲ ಇಬ್ಬರ ಉತ್ತರ ಇಲ್ಲಿದೆ.

ಪರ: ರಿಪೇರಿಗೆ ವಾಪಸ್ ಹೋಗಬಲ್ಲ ಬೂಟು ಬೇಕು

ಕೆಲಸದ ಬೂಟಿನಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ಅಟ್ಟೆ, ಅದರಲ್ಲೂ ಹಿಮ್ಮಡಿಯ ಹೊರಮೂಲೆ. ದಿನಕ್ಕೆ ಹತ್ತು ಗಂಟೆ ಕಾಂಕ್ರೀಟಿನ ಮೇಲೆ ಓಡಾಡಿದರೆ ಹಿಮ್ಮಡಿ ಬೇರೆಯಾಗಿರದೆ ತಳ ಸಪಾಟಾಗಿರುವ, ಮೆತ್ತನೆಯ ಬಿಳಿ ‘ವೆಜ್’ ಅಟ್ಟೆ ವರ್ಷ ತುಂಬುವುದರೊಳಗೆ ನುಣುಪಾಗಿಬಿಡಬಹುದು. ಅಷ್ಟು ಹೊತ್ತಿಗೆ ಮೇಲಿನ ಚರ್ಮ ಹದಕ್ಕೆ ಬಂದಿರುತ್ತದೆ, ಒಳಅಟ್ಟೆಯಲ್ಲಿ ಪಾದದ ಗುರುತು ಕೂತಿರುತ್ತದೆ, ಬೂಟು ಕಾಲಿಗೆ ಒಗ್ಗಿ ಹಿತವಾಗತೊಡಗಿರುತ್ತದೆ. ಆಗ ಅದನ್ನು ಕಸದ ಡಬ್ಬಿಗೆ ಹಾಕಬೇಕೋ ಹೊಸ ಅಟ್ಟೆ ಹಾಕಿಸಬಹುದೋ ಎಂಬುದು ಕೊಂಡ ದಿನವೇ ನಿಶ್ಚಯವಾಗಿಹೋಗಿರುತ್ತದೆ.

ಅಗ್ಗದ ಬೂಟುಗಳಲ್ಲಿ ಅಟ್ಟೆ ಬರೀ ಅಂಟಿನ ಮೇಲೆ ನಿಂತಿರುತ್ತದೆ. ಇಲ್ಲವೇ ಅಚ್ಚಿನೊಳಗೆ ಪಾಲಿಯುರಿಥೇನ್ ದ್ರವ ತುಂಬಿ ನೇರವಾಗಿ ಮೇಲ್ಚರ್ಮಕ್ಕೇ ಕಚ್ಚಿಸಿರುತ್ತಾರೆ. ಇಂಥದರಲ್ಲಿ ಬಿಚ್ಚಲು ಹೊಲಿಗೆಯೇ ಇಲ್ಲ. ಸಾಲದ್ದಕ್ಕೆ ಪಾಲಿಯುರಿಥೇನಿಗೆ ಗಾಳಿಯ ತೇವವೇ ಶತ್ರು: ನೀರಿನಂಶ ಅದರ ಅಣುಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಪೆಟ್ಟಿಗೆಯಲ್ಲಿ ಐದಾರು ವರ್ಷ ಇಟ್ಟಿದ್ದ, ನೋಡಲು ಹೊಸದರಂತಿರುವ ಬೂಟನ್ನು ಹಾಕಿಕೊಂಡು ನಡೆದರೆ ಬೆಳಿಗ್ಗೆ ಹಿಮ್ಮಡಿಯ ಮೇಲ್ಗಡೆ ಕೂದಲೆಳೆಯಂಥ ಬಿರುಕು ಕಾಣಿಸಿ, ಮಧ್ಯಾಹ್ನಕ್ಕೆ ಅಟ್ಟೆ ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ ತುಂಡುತುಂಡಾಗಿ ಉದುರಬಹುದು. ಅಂಟು ಬಳಿದು ಉಳಿಸೋಣವೆಂದರೆ ಅಂಟಿಗೆ ಹಿಡಿದುಕೊಳ್ಳಲು ಗಟ್ಟಿ ವಸ್ತುವೇ ಉಳಿದಿರುವುದಿಲ್ಲ.

ಗುಡ್‌ಇಯರ್ ವೆಲ್ಟ್ ಬೂಟಿನ ಲೆಕ್ಕ ಬೇರೆ. ಮೇಲ್ಚರ್ಮ, ಅಸ್ತರು, ಒಳಅಟ್ಟೆಯ ಅಡಿಯ ಏಣು, ವೆಲ್ಟ್ ಎಂಬ ಚರ್ಮದ ಪಟ್ಟಿ – ಇವಿಷ್ಟನ್ನೂ ಒಂದು ಹೊಲಿಗೆ ಹಿಡಿದಿಡುತ್ತದೆ. ಆ ಪಟ್ಟಿಯನ್ನು ಕೆಳಗಿನ ಅಟ್ಟೆಗೆ ಸೇರಿಸುವುದು ಇನ್ನೊಂದು ಹೊಲಿಗೆ. ನಡುವಿನ ಟೊಳ್ಳಿಗೆ ಕಾರ್ಕ್ ತುಂಬುತ್ತಾರೆ, ಪಾದದ ಕಮಾನಿನ ಅಡಿಗೆ ಶ್ಯಾಂಕ್ ಎಂಬ ಉಕ್ಕಿನ ಪಟ್ಟಿ ಇಡುತ್ತಾರೆ. ಅಟ್ಟೆ ಸವೆದಾಗ ಎರಡನೇ ಹೊಲಿಗೆಯನ್ನಷ್ಟೇ ಕತ್ತರಿಸಿದರೆ ಸಾಕು, ಮೇಲ್ಚರ್ಮಕ್ಕೆ ಏಟು ಬೀಳುವುದಿಲ್ಲ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ವೈಟ್ಸ್, ನಿಕ್ಸ್ ಕಂಪನಿಗಳು ಹೆಸರಾಗಿರುವುದು ಸ್ಟಿಚ್‌ಡೌನ್ ಪದ್ಧತಿಗೆ: ಮೇಲ್ಚರ್ಮದ ಅಂಚನ್ನೇ ಹೊರಕ್ಕೆ ಮಡಿಸಿ ನಡುಅಟ್ಟೆಗೆ ಹೊಲಿಯುತ್ತಾರೆ. ಕಾಡ್ಗಿಚ್ಚು ಆರಿಸುವವರು ಕನಿಷ್ಠ 8 ಇಂಚು ಎತ್ತರದ, ಲೇಸು ಕಟ್ಟುವ, ಶಾಖಕ್ಕೆ ಕರಗದ ಅಟ್ಟೆಯ ಚರ್ಮದ ಬೂಟನ್ನೇ ತೊಡಬೇಕೆಂಬ ನಿಯಮವಿದೆ. ಅವರಲ್ಲಿ ಸ್ಪೋಕೇನ್ ಬೂಟುಗಳಿಗೆ ಇರುವ ಬೆಲೆ ಸುಮ್ಮನೆ ಬಂದದ್ದಲ್ಲ.

ವೆಲ್ಟ್ ಹೊಲಿಗೆಯನ್ನು ಯಾವ ದೇಶದಲ್ಲಾದರೂ ಹಾಕಬಹುದು, ನಿಜ. ಆದರೆ ರಿಪೇರಿಗೆ ಬೇಕಾದದ್ದು ಅಚ್ಚು, ಅಂದರೆ ಬೂಟನ್ನು ಯಾವ ಕಾಲಿನಾಕಾರದ ಮೇಲೆ ಎಳೆದು ಹೊಲಿದರೋ ಅದು. ಕಾರ್ಖಾನೆಗೆ ವಾಪಸ್ ಹೋದ ಬೂಟಿನೊಳಕ್ಕೆ ಅದೇ ಸಂಖ್ಯೆಯ, ಅದೇ ಅಗಲದ ಅಚ್ಚನ್ನು ಮತ್ತೆ ತೂರಿಸಿ ಅಟ್ಟೆ ಹಾಕಿದರೆ ಬೂಟು ತನ್ನ ಮೂಲ ಆಕಾರಕ್ಕೆ ಮರಳುತ್ತದೆ. ಅಚ್ಚಿಲ್ಲದೆ ಹಾಕಿದರೆ ಬೆರಳಿನ ಕಡೆ ಬಿಗಿಯಾಗುವುದು, ಅಟ್ಟೆ ಕೊಂಚ ತಿರುಚಿ ಕೂರುವುದು ಸಾಮಾನ್ಯ. ರೆಡ್ ವಿಂಗ್, ಡ್ಯಾನರ್, ವೈಟ್ಸ್, ನಿಕ್ಸ್, ಆರೆಗಾನಿನ ಸ್ಕಾಪೂಸ್‌ನಲ್ಲಿರುವ ವೆಸ್ಕೊ – ಇವರೆಲ್ಲ ತಾವು ಹೊಲಿದ ಬೂಟನ್ನು ವಾಪಸ್ ಪಡೆದು ಸರಿಮಾಡಿ ಕೊಡುತ್ತಾರೆ. ಮೆಕ್ಸಿಕೊದ ಲಿಯೋನಿಗೋ ಚೀನಾಕ್ಕೋ ಒಂದು ಜೋಡಿ ಹಳೆ ಬೂಟನ್ನು ಯಾರು ಕಳಿಸುತ್ತಾರೆ, ಕಳಿಸಿದರೂ ಯಾರು ತೆಗೆದುಕೊಳ್ಳುತ್ತಾರೆ?

ಕಳಿಸುವ ಹೊತ್ತೂ ಮುಖ್ಯ. ಹೊರಅಟ್ಟೆ ಸವೆದು ನಡುಅಟ್ಟೆ ಇಣುಕುವ ಮೊದಲೇ ಕಳಿಸಬೇಕು. ನಡುಅಟ್ಟೆಯೂ ಉಜ್ಜಿಹೋದ ಮೇಲೆ ಕಳಿಸಿದರೆ ವೆಲ್ಟನ್ನೇ ಬದಲಿಸಬೇಕಾಗಿ ಖರ್ಚು ಬೆಳೆಯುತ್ತದೆ. 320 ಡಾಲರಿನ ಬೂಟಿಗೆ 140 ಡಾಲರಿನಂತೆ ಎರಡು ಸಲ ಅಟ್ಟೆ ಹಾಕಿಸಿದರೆ ಒಟ್ಟು 600. ಅಟ್ಟೆಯೊಂದಕ್ಕೆ ಒಂದೂವರೆ ವರ್ಷವೆಂದರೂ ನಾಲ್ಕೂವರೆ ವರ್ಷ ಬಂತು. ವರ್ಷಕ್ಕೊಂದರಂತೆ 140 ಡಾಲರಿನ ಬೂಟು ಎಸೆಯುತ್ತಾ ಹೋದರೆ ಅಷ್ಟೇ ಅವಧಿಗೆ ಐದು ಜೋಡಿ, 700 ಡಾಲರ್. ಪ್ರತಿ ಸಲ ಹೊಸ ಬೂಟನ್ನು ಕಾಲಿಗೆ ಒಗ್ಗಿಸುವ ನೋವು ಬೇರೆ.

ಇನ್ನೊಂದು ವಿಷಯ ಮನಸ್ಸಿಗೆ ಹತ್ತಿರವಾದದ್ದು. ಬೂಟಿನ ಕಾರ್ಖಾನೆ ಒಂಟಿಯಾಗಿ ಬದುಕುವುದಿಲ್ಲ. 1905ರಲ್ಲಿ ಮಿನ್ನೆಸೋಟದ ರೆಡ್ ವಿಂಗ್ ಊರಿನಲ್ಲಿ ಶುರುವಾದ ರೆಡ್ ವಿಂಗ್ ಕಂಪನಿಗೆ ಅದೇ ಊರಿನಲ್ಲಿ ಎಸ್.ಬಿ. ಫೂಟ್ ಎಂಬ ಸ್ವಂತ ಚರ್ಮ ಹದ ಮಾಡುವ ಘಟಕವಿದೆ. ಶಿಕಾಗೋದ ಹಾರ್ವೀನ್ ಚರ್ಮದ ಕಾರ್ಖಾನೆ ಹುಟ್ಟಿದ್ದೂ 1905ರಲ್ಲೇ. ವೈಬ್ರಮ್ ಇಟಲಿಯ ಹೆಸರಾದರೂ ಅದರ ರಬ್ಬರ್ ಅಟ್ಟೆಗಳು 1960ರ ದಶಕದಿಂದ ಮ್ಯಾಸಚೂಸೆಟ್ಸ್‌ನ ನಾರ್ತ್ ಬ್ರೂಕ್‌ಫೀಲ್ಡ್‌ನಲ್ಲೂ ತಯಾರಾಗುತ್ತಿವೆ. ಸೈನ್ಯ ತನ್ನ ಬಟ್ಟೆಬರೆ, ಬೂಟುಗಳನ್ನು ದೇಶದೊಳಗೆ ತಯಾರಾದದ್ದನ್ನೇ ಕೊಳ್ಳಬೇಕೆನ್ನುವ, 1941ರಷ್ಟು ಹಿಂದಿನ ಬೆರಿ ತಿದ್ದುಪಡಿ ಇಲ್ಲದಿದ್ದರೆ ಇಲಿನಾಯ್ ರಾಜ್ಯದ ಬೆಲ್‌ವಿಲ್‌ನಂಥ ಬೂಟು ಕಾರ್ಖಾನೆಗಳು ಉಳಿಯುವುದು ಕಷ್ಟವಿತ್ತು. ಹೊಲಿಗೆಯ ಯಂತ್ರಗಳಲ್ಲಿ ಅನೇಕವು ಬಹಳ ಹಳೆಯವು. ಅವುಗಳ ಸೂಜಿಯ ಓರೆ, ಮೇಣ ಸವರಿದ ದಾರದ ಬಿಗಿ ಕಿವಿಯಿಂದಲೇ ಗೊತ್ತಾಗುವವರು ನಿವೃತ್ತರಾದರೆ ಆ ಜಾಗಕ್ಕೆ ಪುಸ್ತಕ ಓದಿ ಯಾರೂ ಬರಲಾರರು.

ಕೊಳ್ಳುವಾಗ ಬ್ರ್ಯಾಂಡಿನ ಹೆಸರೊಂದನ್ನೇ ನಂಬಬೇಡಿ. ರೆಡ್ ವಿಂಗ್ ಆಗಲಿ ಡ್ಯಾನರ್ ಆಗಲಿ ದೇಶದೊಳಗಿನ ಬೂಟನ್ನೂ ಆಮದು ಬೂಟನ್ನೂ ಒಂದೇ ಹೆಸರಿನಲ್ಲಿ ಮಾರುತ್ತವೆ. ಮಾದರಿ ಸಂಖ್ಯೆ ಹಿಡಿದು ಕೇಳಿ, ಬೂಟಿನ ನಾಲಿಗೆಯ, ಅಂದರೆ ಲೇಸಿನ ಅಡಿಯ ಚರ್ಮದ ಪಟ್ಟಿಯ, ಒಳಗಿನ ಚೀಟಿ ಓದಿ. ಬರೀ ‘ಮೇಡ್ ಇನ್ ಯುಎಸ್ಎ’ ಎಂದು ಬರೆಯಬೇಕಾದರೆ ಬೂಟು ಬಹುತೇಕ ಪೂರ್ತಿಯಾಗಿ ಅಲ್ಲಿಯದೇ ಆಗಿರಬೇಕು. 2021ರ ಆಗಸ್ಟಿನಿಂದ ಇದನ್ನು ಮೀರಿದವರಿಗೆ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದಂಡ ಹಾಕಿಸಬಹುದು. ‘ಆಮದು ಸಾಮಗ್ರಿಯಿಂದ ಅಮೆರಿಕದಲ್ಲಿ ತಯಾರು’ ಎಂದಿದ್ದರೆ ಚರ್ಮವೋ ಅಟ್ಟೆಯೋ ಹೊರಗಿನದು, ಅದಕ್ಕೆ ಬೇಸರ ಬೇಡ. ‘ಅಮೆರಿಕದಲ್ಲಿ ಜೋಡಿಸಿದ್ದು’ ಎಂದಿದ್ದರೆ ಮೇಲ್ಚರ್ಮ ಹೊಲಿದದ್ದು ಎಲ್ಲಿ ಎಂದು ಕೇಳಿಯೇ ದುಡ್ಡು ಕೊಡಿ.

ವಿರೋಧ: ಚೀಟಿ ನೋಡಬೇಡಿ, ಬೂಟು ಬಿಚ್ಚಿ ನೋಡಿ

ವೆಲ್ಟ್ ಬೂಟಿನ ಗುಣಗಾನದಲ್ಲಿ ಒಂದು ವಿಷಯ ಸದಾ ಬಿಟ್ಟುಹೋಗುತ್ತದೆ. ಒಳಅಟ್ಟೆಯ ಅಡಿಯ ‘ಏಣು’ ಅಂದರಲ್ಲ, ಅದು ಬಹಳಷ್ಟು ಗುಡ್‌ಇಯರ್ ವೆಲ್ಟ್ ಬೂಟುಗಳಲ್ಲಿ ಚರ್ಮದಲ್ಲಿ ಕೊರೆದದ್ದಲ್ಲ. ಜೆಮ್ಮಿಂಗ್ ಎಂಬ ಕ್ಯಾನ್ವಾಸ್ ಪಟ್ಟಿ ಅದು, ಒಳಅಟ್ಟೆಗೆ ಬರೀ ಅಂಟಿನಿಂದ ಅಂಟಿಕೊಂಡಿರುತ್ತದೆ. ಬಿಸಿ ಡಾಂಬರು, ಬೆವರು, ದಿನಕ್ಕೆ ಸಾವಿರಾರು ಸಲ ಬಾಗುವ ಮುಂಗಾಲು – ಇವು ಸೇರಿ ಅಂಟು ಸಡಿಲಿಸಿದರೆ ಪಟ್ಟಿ ಜಾರುತ್ತದೆ, ಕಾರ್ಕ್ ಮುದ್ದೆಯಾಗಿ ಒಂದು ಕಡೆ ಸೇರುತ್ತದೆ, ಪಾದದಡಿಯಲ್ಲಿ ಗಂಟು ಸಿಕ್ಕಿದಂತಾಗುತ್ತದೆ. ಹೊರಗಿನ ಹೊಲಿಗೆ ಒಂದೂ ಬಿಚ್ಚಿರುವುದಿಲ್ಲ! ಅಮೆರಿಕದಲ್ಲಿ ಹೊಲಿದ ವೆಲ್ಟ್ ಬೂಟಿನಲ್ಲೂ ಲಿಯೋನಿನ ಬೂಟಿನಲ್ಲೂ ಸಾಮಾನ್ಯವಾಗಿ ಇದೇ ಪಟ್ಟಿ, ಇದೇ ಅಂಟು. ಸ್ಟಿಚ್‌ಡೌನ್ ಬೂಟಿಗೆ ಈ ತೊಂದರೆಯಿಲ್ಲ, ಒಪ್ಪಿದೆ. ಆದರೆ ಸ್ಪೋಕೇನಿನ ಅಂಥ ಬೂಟುಗಳ ಬೆಲೆ ಸಾಮಾನ್ಯವಾಗಿ 500 ಡಾಲರಿನ ಆಚೆಗೇ ಇರುತ್ತದೆ, ಹೊಲಿಸಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕಾಗಿಯೂ ಬರುತ್ತದೆ.

ಅಟ್ಟೆಯೇ ಮೊದಲು ಸವೆಯುತ್ತದೆ ಎಂಬ ಮಾತೂ ಎಲ್ಲ ಕೆಲಸಕ್ಕೆ ಹೊಂದುವುದಿಲ್ಲ. ಹಸಿ ಕಾಂಕ್ರೀಟಿನ ಕ್ಷಾರ ಪಿಎಚ್ 12ರಿಂದ 13ರಷ್ಟು. ಅದು ಚರ್ಮದೊಳಗಿನ ಎಣ್ಣೆಯನ್ನು ತೆಗೆದುಹಾಕಿ ನಾರನ್ನು ಒಣ ಕಡ್ಡಿ ಮಾಡುತ್ತದೆ, ಬೆರಳು ಬಾಗುವಲ್ಲಿ ಅಡ್ಡಬಿರುಕು ಬೀಳುತ್ತದೆ. ಟೈಲ್ಸ್ ಹಾಕುವವರು ಮಂಡಿಯೂರಿ ಕೂರುವುದರಿಂದ ಮೂತಿಯ ಚರ್ಮ ಉಜ್ಜಿ ಉಜ್ಜಿ ತೂತಾಗುತ್ತದೆ. ವೆಲ್ಡಿಂಗ್ ಕಿಡಿ ನೇರ ಹೊಲಿಗೆಯ ದಾರವನ್ನೇ ಸುಡುತ್ತದೆ. ಇಂಥ ಕಡೆ ಮೇಲ್ಚರ್ಮ ವರ್ಷ ಒಂದೂವರೆ ವರ್ಷಕ್ಕೆ ಮುಗಿಯುತ್ತದೆ. ಆಗ ಅಟ್ಟೆ ಬದಲಿಸುವ ಸೌಲಭ್ಯ ಕಟ್ಟಿಕೊಂಡು ಏನು ಮಾಡುವುದು?

ನನ್ನ ದೊಡ್ಡ ತಕರಾರು ಸುರಕ್ಷತೆಯದು. ಕಾಲಿಗೆ ಅಪಾಯವಿರುವ ಬಹುಪಾಲು ಕೆಲಸಗಳಲ್ಲಿ ಎಎಸ್‌ಟಿಎಂ ಎಫ್2413 ಎಂಬ ಸುರಕ್ಷತಾ ಮಾನದಂಡದ ಗುರುತಿರುವ ಬೂಟನ್ನೇ ಕೇಳುತ್ತಾರೆ. ಮೂತಿಯ ಟೋಪಿ, ಅಂದರೆ ಬೆರಳು ಕಾಯುವ ಗಟ್ಟಿ ಕವಚ, 75 ಅಡಿ-ಪೌಂಡ್ ಪೆಟ್ಟನ್ನೂ 2,500 ಪೌಂಡ್ ಒತ್ತಡವನ್ನೂ ತಾಳಬೇಕು, ತಾಳಿದ ಮೇಲೂ ಗಂಡಸರ ಬೂಟಿನೊಳಗೆ ಬೆರಳಿಗೆ ಅರ್ಧ ಇಂಚು ಜಾಗ ಉಳಿಯಬೇಕು. ವಿದ್ಯುತ್ ಅಪಾಯ ತಡೆಯುವ ಬೂಟೆಂದು ಹೇಳುವ ಇಎಚ್ ಗುರುತಿದ್ದರೆ ಒಣ ಸ್ಥಿತಿಯಲ್ಲಿ 18,000 ವೋಲ್ಟ್ ಒಂದು ನಿಮಿಷ ಕೊಟ್ಟರೂ ಸೋರುವ ವಿದ್ಯುತ್ 1 ಮಿಲಿಆಂಪ್ ಮೀರಬಾರದು. ಈ ಪರೀಕ್ಷೆ ಪಾಸಾದದ್ದು ಕಾರ್ಖಾನೆಯಿಂದ ಹೊರಬಂದಾಗಿನ ಬೂಟು. ಬೀದಿಯಂಗಡಿಯಲ್ಲಿ ಬೇರೆ ಅಟ್ಟೆ ಹಾಕಿ, ಹಿಮ್ಮಡಿಗೆ ನಾಲ್ಕು ಕಬ್ಬಿಣದ ಮೊಳೆ ಹೊಡೆದರೆ ಆ ಗುರುತನ್ನು ನಂಬುವಂತಿಲ್ಲ. ಮೊಳೆಯೇ ವಿದ್ಯುತ್ತಿಗೆ ದಾರಿ. ಟೋಪಿಯ ಮೇಲೆ ಒಮ್ಮೆ ಭಾರ ಬಿದ್ದಿದ್ದರೆ ಹೊರಗೆ ತಗ್ಗು ಕಾಣದಿದ್ದರೂ ಆ ಬೂಟನ್ನು ಬಿಡಲೇಬೇಕು. 320 ಡಾಲರ್ ಕೊಟ್ಟವರಿಗೆ ಹಾಗೆ ಬಿಡಲು ಮನಸ್ಸು ಬರುವುದಿಲ್ಲ, ಅಪಾಯ ಇರುವುದು ಅಲ್ಲೇ.

ಮೇಲಿನ 600 ಡಾಲರಿನ ಲೆಕ್ಕವನ್ನೂ ಇನ್ನೊಮ್ಮೆ ನೋಡಿ. ಬೂಟು ಕಾರ್ಖಾನೆಗೆ ಹೋಗಿ ಬರಲು ವಾರಗಳು ಬೇಕು, ಆ ವಾರಗಳಲ್ಲಿ ಬರಿಗಾಲಲ್ಲಿ ಕೆಲಸಕ್ಕೆ ಹೋಗಲಾಗದು. ಅಂದರೆ ಎರಡು ಜೋಡಿ ಬೇಕು. ದಿನಬಿಟ್ಟು ದಿನ ಹಾಕಿ ಒಣಗಲು ಬಿಟ್ಟರೆ ಚರ್ಮಕ್ಕೂ ಒಳ್ಳೆಯದೇ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ, ಮೊದಲ ಸಂಬಳ ಇನ್ನೂ ಕೈಗೆ ಬರದ ಹುಡುಗನಿಗೆ ಮೊದಲ ವಾರವೇ 640 ಡಾಲರ್ ತೆಗೆದಿಡು ಎನ್ನುವುದು ಲೆಕ್ಕವಲ್ಲ, ಬಡ್ಡಿಸಾಲಕ್ಕೆ ದಾರಿ.

‘ಹೊರದೇಶ’ ಎಂದರೆ ಕಳಪೆ ಎನ್ನುವುದನ್ನಂತೂ ಕನ್ನಡ ಓದುವವರು ಒಪ್ಪಬಾರದು. ಬೆಂಗಳೂರಿನಿಂದ ಚೆನ್ನೈಗೆ ಹೆದ್ದಾರಿಯಲ್ಲಿ ಹೋದರೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಸಾಲಾಗಿ ಸಿಗುತ್ತವೆ. ಚರ್ಮ ಹದ ಮಾಡುವುದು, ಗುಡ್‌ಇಯರ್ ವೆಲ್ಟ್ ಹೊಲಿಯುವುದು ಅಲ್ಲಿಯವರಿಗೆ ಕರಗತ, ಹೊರದೇಶದ ಬ್ರ್ಯಾಂಡುಗಳಿಗೆ ಅವರು ರಫ್ತು ಮಾಡುತ್ತಾರೆ. ಲಿಯೋನ್ ಮೆಕ್ಸಿಕೊದ ಪಾದರಕ್ಷೆಯ ರಾಜಧಾನಿ. ಅಮೆರಿಕದ ಕಸುಬು ಕೂಡ ಹೊರಗಿನಿಂದ ಬಂದ ಕೈಗಳದ್ದೇ: ಮೇಲ್ಚರ್ಮವನ್ನು ಅಚ್ಚಿನ ಮೇಲೆ ಎಳೆದು ಕೂರಿಸುವ ಯಂತ್ರಕ್ಕೆ 1883ರಲ್ಲಿ ಪೇಟೆಂಟ್ ಪಡೆದ ಯಾನ್ ಅರ್ನ್ಸ್ಟ್ ಮಾಟ್ಸೆಲಿಗರ್ ಸುರಿನಾಮಿನಲ್ಲಿ ಹುಟ್ಟಿ ಮ್ಯಾಸಚೂಸೆಟ್ಸ್‌ನ ಲಿನ್ ಊರಿಗೆ ಬಂದವರು. ಬೂಟು ಕೆಡುವುದು ಬ್ರ್ಯಾಂಡಿನವರು ಇಂತಿಷ್ಟೇ ಬೆಲೆಗೆ ಮಾಡಿಕೊಡಿ ಎಂದು ಕಾರ್ಖಾನೆಯ ಕುತ್ತಿಗೆಗೆ ಕೂತಾಗ. ಆಗ ಚರ್ಮ ತೆಳುವಾಗುತ್ತದೆ, ಒಳಅಟ್ಟೆಯ ಚರ್ಮದ ಜಾಗಕ್ಕೆ ಒತ್ತಿದ ರಟ್ಟು ಬರುತ್ತದೆ.

ಆ ರಟ್ಟನ್ನು ಅಂಗಡಿಯಲ್ಲೇ ಕಂಡುಹಿಡಿಯಬಹುದು. ಮೆತ್ತನೆಯ ಒಳಹಾಸನ್ನು ಎತ್ತಿ ಕೆಳಗೆ ಬೆರಳಾಡಿಸಿ. ಚರ್ಮವಾದರೆ ಉಗುರು ಒತ್ತಿದಲ್ಲಿ ಗುರುತು ಬಿದ್ದು ನಿಧಾನ ಮಾಯವಾಗುತ್ತದೆ, ರಟ್ಟಾದರೆ ಒಣ ಸದ್ದು ಬರುತ್ತದೆ. ಆಮೇಲೆ ನಾಲಿಗೆಯಲ್ಲೋ ಕಾಲರಿನಲ್ಲೋ ಚರ್ಮದ ಕತ್ತರಿಸಿದ ಅಂಚು ಕಾಣುವ ಜಾಗ ಹುಡುಕಿ. ಮೇಲ್ಪದರವನ್ನು ಉಜ್ಜಿ ತೆಗೆಯದ ‘ಫುಲ್ ಗ್ರೇನ್’ ಚರ್ಮದಲ್ಲಿ ಮೇಲೆ ಬಿಗಿಯಾದ ಪದರ, ಕೆಳಗೆ ಹೋದಂತೆ ನಾರು ಸಡಿಲ. ಅಂಚಿನ ತುಂಬ ಒಂದೇ ಸಮ ಸಡಿಲ ನಾರಿದ್ದು ನೆತ್ತಿಯ ಮೇಲೆ ತೆಳು ಪ್ಲಾಸ್ಟಿಕ್ಕಿನಂಥ ಹೊಳೆಯುವ ಗೆರೆಯಿದ್ದರೆ ಅದು ಸೀಳಿದ ಚರ್ಮಕ್ಕೆ ಬಣ್ಣ ಬಳಿದದ್ದು, ಬಾಗುವ ಜಾಗದಲ್ಲಿ ಸಿಪ್ಪೆ ಏಳುತ್ತದೆ. ದಪ್ಪ ಔನ್ಸಿನಲ್ಲಿ ಹೇಳಿದರೆ ಒಂದು ಔನ್ಸಿಗೆ 0.4 ಮಿಲಿಮೀಟರ್ ಹಿಡಿಯಿರಿ. ಐದರಿಂದ ಆರು ಔನ್ಸ್, ಅಂದರೆ 2ರಿಂದ 2.4 ಮಿಲಿಮೀಟರ್, ಸಾಮಾನ್ಯ ಕೆಲಸಕ್ಕೆ ಸಾಕು. ಇನ್ನು ವೆಲ್ಟಿನ ಮೇಲಿನ ಹೊಲಿಗೆ: ಕೆಲವು ಬೂಟುಗಳಲ್ಲಿ ಅದು ಬರೀ ಅಲಂಕಾರ, ಅಡಿಯಲ್ಲಿ ಇರುವುದು ಅಂಟೇ. ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಕೆಳಕ್ಕೆ ಬಾಗಿಸಿ, ದಾರ ಎರಡೂ ಪದರಗಳನ್ನು ದಾಟಿ ಇಳಿದಿದೆಯೇ ನೋಡಿ.

ಕೊನೆಗೆ ಕಾಲಿನ ಅಳತೆ. ಸಂಜೆ ಹೊತ್ತು, ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲದಲ್ಲೇ ಅಳೆಸಿ, ಪಾದ ಆಗ ಕೊಂಚ ಊದಿರುತ್ತದೆ. ಅಂಗಡಿಗಳಲ್ಲಿ ಪಾದ ಅಳೆಯಲು ಇಟ್ಟಿರುವ ಬ್ರಾನಾಕ್ ಅಳತೆಪಟ್ಟಿಯಲ್ಲಿ ಹಿಮ್ಮಡಿಯಿಂದ ಬೆರಳ ತುದಿಗೆ ಒಂದು ಅಳತೆ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಂಟಿಗೆ ಇನ್ನೊಂದು. ಎರಡರಲ್ಲಿ ದೊಡ್ಡದನ್ನು ಹಿಡಿಯಿರಿ, ಇಲ್ಲದಿದ್ದರೆ ಬೂಟು ಬಾಗುವ ಜಾಗಕ್ಕೂ ಪಾದ ಬಾಗುವ ಜಾಗಕ್ಕೂ ತಾಳೆಯಾಗುವುದಿಲ್ಲ. ಹೊಸ ಬೂಟಿನಲ್ಲಿ ಹಿಮ್ಮಡಿ ಕಾಲು ಇಂಚಿನಷ್ಟು ಮೇಲೆ ಜಾರಿದರೆ ಚಿಂತೆಯಿಲ್ಲ, ಅಟ್ಟೆ ಬಗ್ಗತೊಡಗಿದ ಮೇಲೆ ನಿಲ್ಲುತ್ತದೆ. ಇಳಿಜಾರಿನಲ್ಲಿ ನಡೆದಾಗ ಬೆರಳು ಮೂತಿಗೆ ತಾಗಿದರೆ ಮಾತ್ರ ಆ ಜೋಡಿಯನ್ನು ಪೆಟ್ಟಿಗೆಗೆ ವಾಪಸ್ ಹಾಕಿ, ಚೀಟಿಯ ಮೇಲೆ ಯಾವ ದೇಶದ ಹೆಸರಿದ್ದರೂ ಸರಿ.