ಗುಂಡು ಹಾಕಿದೆ, ಮದ್ದು ಮರೆತೆ

ಪೆನ್ಸಿಲ್ವೇನಿಯಕ್ಕೆ ಬಂದಾಗಿನಿಂದ ಪಕ್ಕದ ಮನೆಯ ಅಜ್ಜನ ಎದುರು ನಾನು ಕೊಚ್ಚಿಕೊಂಡದ್ದು ಒಂದೇ ಜಂಬ. ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜನ ಮನೆಯಲ್ಲಿ ಕೇಪಿನ ಕೋವಿ ಇತ್ತು ಅಂತ. ಅಡಿಕೆ ತೋಟಕ್ಕೆ ಮಂಗ ಬಂದರೆ ಅಜ್ಜ ಒಂದು ಈಡು ಹೊಡೆಯುತ್ತಿದ್ದರು. ಆಗ ನಾನು ಕಿವಿ ಮುಚ್ಚಿಕೊಂಡು ಕೊಟ್ಟಿಗೆಯಲ್ಲಿ ಅಡಗುತ್ತಿದ್ದೆ ಅನ್ನುವ ಭಾಗವನ್ನು ಮಾತ್ರ ಹೇಳಿರಲಿಲ್ಲ.

ಈ ಪಕ್ಕದ ಮನೆ ಅಜ್ಜ ಕ್ರಿಸ್‌ಮಸ್ ಮುಗಿದ ಮರುದಿನವೇ ಕಲ್ಲಿನ ಕಿಡಿಯಿಂದ ಹಾರುವ ಹಳೇ ಕಾಲದ ಚಕಮಕಿ ಕೋವಿ ಹೆಗಲಿಗೇರಿಸಿ ಜಿಂಕೆ ಬೇಟೆಗೆ ಹೊರಡುವ ಆಸಾಮಿ. ಈ ರಾಜ್ಯದಲ್ಲಿ 1974ರಿಂದ ಆ ಕೋವಿಗೆಂದೇ ಬೇರೆ ಬೇಟೆ ಸೀಸನ್ ಇದೆ. ನಾನು ಶುದ್ಧ ಪುಳಿಚಾರು. ಆದರೂ ಕಾಗದದ ಮೇಲೆ ಗುರಿ ಇಡಬಹುದಲ್ವಾ ಎಂದು ಅವರು ತಲೆಗೆ ಹುಳ ಬಿಟ್ಟರು. ಜಂಬ ಕೊಚ್ಚಿಕೊಂಡವನು ಹಿಂದೆ ಸರಿಯುವುದು ಹೇಗೆ? ತರಿಸಿಯೇ ಬಿಟ್ಟೆ. ಹದಿನೆಂಟನೇ ಶತಮಾನದಲ್ಲಿ ಲ್ಯಾಂಕಾಸ್ಟರ್ ಸುತ್ತಮುತ್ತ ಜರ್ಮನಿಯಿಂದ ಬಂದ ಕಮ್ಮಾರರು ಮಾಡುತ್ತಿದ್ದ ಉದ್ದ ರೈಫಲ್ಲಿನ ನಕಲು ಅದು. ಮೇಪಲ್ ಮರದ ಹಿಡಿ. ನೆಲಕ್ಕೆ ಊರಿ ನಿಲ್ಲಿಸಿದರೆ ನನ್ನ ಹಣೆಗೆ ಬರುತ್ತದೆ.

ಅದು ಬಂದದ್ದು ನವರಾತ್ರಿಯಲ್ಲಿ, ಅಮ್ಮ ಊರಿಂದ ಬಂದು ನಮ್ಮ ಮನೆಯಲ್ಲಿದ್ದಾಗ. ಬಿ.ಪಿ. ಮಾತ್ರೆಯ ವಿಷಯದಲ್ಲಿ ಅಮ್ಮ ಬಹಳ ಕಟ್ಟುನಿಟ್ಟು. ನನ್ನ ಮಾತ್ರೆಯೂ ಅವಳದ್ದೇ ಉಸ್ತುವಾರಿ. "ಮದ್ದು ತಗಂಡ್ಯಾ?" ಅಂತ ಕೇಳದೆ ತಿಂಡಿ ತಟ್ಟೆ ಕೊಡುವುದಿಲ್ಲ. ಕೋವಿ ನೋಡಿ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಅದನ್ನೂ ಆಯುಧಪೂಜೆಗೆ ಇಟ್ಟಳು. ಮೆಟ್ಟುಗತ್ತಿಯ ಪಕ್ಕ ಕುಂಕುಮ, ಚೆಂಡು ಹೂವು ಸಮೇತ ಅಡ್ಡ ಮಲಗಿತ್ತು.

ಶನಿವಾರ ಅಜ್ಜನ ಜೊತೆ ಗುರಿ ಹೊಡೆಯುವ ರೇಂಜಿಗೆ ಹೋದೆ. ಚಕಮಕಿ ಕೋವಿಯ ಲೆಕ್ಕ ಸುಲಭ. ಹಿಂದಕ್ಕೆಳೆದು ಬಿಟ್ಟರೆ ಮುಂದಕ್ಕೆ ಬಡಿಯುವ ಕೊಕ್ಕೆಗೆ ಕುದುರೆ ಅಂತ ಹೆಸರು. ಅದರ ಬಾಯಲ್ಲಿ ಚರ್ಮ ಸುತ್ತಿದ ಚಕಮಕಿ ಕಲ್ಲು. ಎದುರಿಗೆ ನೆಟ್ಟಗೆ ನಿಂತ ಉಕ್ಕಿನ ತಗಡು. ಅದರ ಕೆಳಗೆ ಕಾಳುಮೆಣಸು ಹಿಡಿಯುವಷ್ಟು ಸಣ್ಣ ಬಾಣಲೆ, ಅದರಲ್ಲಿ ಚಿಟಿಕೆ ನುಣ್ಣನೆ ಮದ್ದು. ಕಲ್ಲು ಉಕ್ಕನ್ನು ಗೀರಿದರೆ ಕಿಡಿ ಬಾಣಲೆಗೆ ಬೀಳಬೇಕು. ಬೆಂಕಿ ನಳಿಗೆಯ ಪಕ್ಕದ ತೂತಿನಿಂದ ಒಳಗೆ ನುಗ್ಗಬೇಕು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲೂ ಇಂಥ ಕೋವಿ ಮಾಡುತ್ತಿದ್ದರು. ಇದನ್ನೆಲ್ಲ ನಾನು ಅಜ್ಜನಿಗೆ ದಾರಿಯುದ್ದಕ್ಕೂ ವಿವರಿಸಿದ್ದೆ.

ಖಾಲಿ ಕೋವಿಯಲ್ಲಿ ಮೊದಲು ಕಿಡಿ ನೋಡೋಣ ಅಂದರು. ಕುದುರೆ ಎಳೆದು ಟ್ರಿಗರ್ ಒತ್ತಿದೆ. ಟಿಕ್. ಮತ್ತೆ ಎಳೆದೆ. ಟಿಕ್. ಗ್ಯಾಸ್ ಮುಗಿದ ಒಲೆಗೆ ಲೈಟರ್ ಒತ್ತಿದ ಹಾಗೆ. ಅಜ್ಜ ಉಕ್ಕಿನ ತಗಡನ್ನು ಬೆರಳಲ್ಲಿ ಸವರಿ ಮೂಗಿಗೆ ಹಿಡಿದರು. "ಇದೇನು, ತೆಂಗಿನಕಾಯಿ ವಾಸನೆ?"

ತುಕ್ಕು ಹಿಡಿಯದಿರಲಿ ಅಂತ ಅಮ್ಮ ಮೆಟ್ಟುಗತ್ತಿಗೆ ಹಚ್ಚಿದ ಕೊಬ್ಬರಿ ಎಣ್ಣೆಯನ್ನೇ ಇದಕ್ಕೂ ಧಾರಾಳವಾಗಿ ಹಚ್ಚಿದ್ದಳು. ಎಣ್ಣೆ ಬಳಿದ ಉಕ್ಕಿನಲ್ಲಿ ಎಲ್ಲಿಯ ಕಿಡಿ? ಕಲ್ಲು, ಬಾಣಲೆ, ತೂತು ಎಲ್ಲ ಒರೆಸುವಷ್ಟರಲ್ಲಿ ಅರ್ಧ ಗಂಟೆ. ಕುಂಕುಮವನ್ನು ಮಾತ್ರ ಅಜ್ಜ ಒರೆಸಲು ಬಿಡಲಿಲ್ಲ. ಇರಲಿ, ಚೆನ್ನಾಗಿದೆ ಅಂದರು.

ಆಮೇಲೆ ಮದ್ದು ತುಂಬುವುದು. ಡಬ್ಬಿಯಿಂದ ನೇರವಾಗಿ ಸುರಿಯಬಾರದು, ಅಳತೆಯ ಕೊಳವೆಯಲ್ಲಿ ಅಳೆದೇ ಹಾಕಬೇಕು. ಅದರ ಮೇಲೆ ಎಣ್ಣೆ ಸವರಿದ ಹತ್ತಿ ಬಟ್ಟೆಯ ತುಂಡು, ಅದರೊಳಗೆ ಸೀಸದ ಗುಂಡು. ಗಜ ಅನ್ನುವ ಉದ್ದ ಕೋಲಿನಿಂದ ತಳದವರೆಗೆ ತಳ್ಳಬೇಕು. ಅಂಗಡಿ ಬಟ್ಟೆ ಯಾಕೆ, ಸುಮ್ನೆ ದುಡ್ಡು ದಂಡ ಅಂತ ನನ್ನ ಹಳೇ ಪಂಚೆಯನ್ನೇ ಕತ್ತರಿಸಿ ತಂದಿದ್ದೆ. ಒಗೆದು ಒಗೆದು ಈರುಳ್ಳಿ ಸಿಪ್ಪೆಯ ಹಾಗೆ ಆಗಿದ್ದ ಬಟ್ಟೆ. ಅಜ್ಜ ಎರಡು ಬೆರಳಲ್ಲಿ ಹಿಡಿದು ನೋಡಿ, ಏನೂ ಹೇಳದೆ ತಮ್ಮ ಚೀಲದಿಂದ ದಪ್ಪ ಪಟ್ಟೆ ಬಟ್ಟೆ ತೆಗೆದು ಕೊಟ್ಟರು.

ಗುಂಡು ತಳ್ಳುತ್ತಾ ನಾನು ನಮ್ಮಜ್ಜನ ಮಂಗನ ಕಥೆ ಶುರುಮಾಡಿದ್ದೆ. ಕಥೆಯೂ ಮುಗಿಯಿತು, ಗಜವೂ ತಳ ಮುಟ್ಟಿತು. ಬಾಣಲೆಗೆ ಚಿಟಿಕೆ ಮದ್ದು ಹಾಕಿ, ಉಸಿರು ಬಿಗಿಹಿಡಿದು ಒತ್ತಿದೆ. ಕಣ್ಣೆದುರೇ ಭಗ್ ಅಂತ ಬೆಂಕಿ, ಒಂದು ಮುಷ್ಟಿ ಹೊಗೆ. ಅಷ್ಟೇ. ದೀಪಾವಳಿಯ ಠುಸ್ ಪಟಾಕಿ. ನಳಿಗೆಯ ಬಾಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿ ಅಂದರು ಅಜ್ಜ. ಕಾದೆ. ತೂತನ್ನು ಸೂಜಿಯಲ್ಲಿ ಕೆದಕಿ, ಬಾಣಲೆಗೆ ಇನ್ನೊಂದು ಚಿಟಿಕೆ ಮದ್ದು ಹಾಕಿ ಮತ್ತೆ ಒತ್ತಿದೆ. ಮತ್ತೆ ಭಗ್.

ಅಜ್ಜ ಮೇಜಿನ ಕಡೆ ನೋಡಿದರು. ಅಳತೆಯ ಕೊಳವೆಯಲ್ಲಿ 60 ಗ್ರೇನ್, ಅಂದರೆ ನಾಲ್ಕು ಗ್ರಾಮಿನಷ್ಟು ಮದ್ದು ನಾನು ಅಳೆದಿಟ್ಟ ಹಾಗೇ ಕೂತಿತ್ತು.

ಅಷ್ಟರಲ್ಲಿ ಮನೆಯಿಂದ ಫೋನ್. ಊಟಕ್ಕೆ ಯಾವಾಗ ಬರುತ್ತಿ ಅಂತ ಅಮ್ಮ.

"ತಡ ಆಗುತ್ತಮ್ಮ. ಗುಂಡು ಹಾಕ್ಬಿಟ್ಟೆ, ಮದ್ದು ಮರೆತೆ."

ಆ ಕಡೆ ಮೌನ. "ಬೆಳಗ್ಗೆ ಹನ್ನೊಂದು ಗಂಟೆಗೇನಾ?"

"ಏನೂ ಗಾಬರಿ ಇಲ್ಲ. ಪಕ್ಕದ ಮನೆ ಅಜ್ಜ ಇದ್ದಾರೆ. ಒಳಗೆ ಹೋಗಿದ್ದನ್ನ ಹೊರಗೆ ತೆಗೀತಾರೆ."

"ಎಂತ ಮಾರಾಯಾ ಇದು! ಹೆಂಡ್ತಿ ಮಕ್ಕಳಿರೋನು!" ಫೋನ್ ಕಟ್ಟಾಯಿತು.

ಅಜ್ಜ ಸೂಜಿ ಹಿಡಿದು, ಪಕ್ಕದ ತೂತಿನಿಂದ ನುಣ್ಣನೆ ಮದ್ದನ್ನು ಚೂರು ಚೂರೇ ಒಳಗೆ ತೂರಿಸಿದರು. ಗುಂಡನ್ನು ಗಜದಿಂದ ಮತ್ತೊಮ್ಮೆ ಅದುಮಿ, ಬಾಣಲೆಗೂ ಮದ್ದು ಹಾಕಿ, ನನ್ನ ಕೈಯಲ್ಲಿ ಟ್ರಿಗರ್ ಒತ್ತಿಸಿದರು. ಪುಸಕ್ ಅಂತ ಗುಂಡು ಹೊರಬಿದ್ದು ಹುಲ್ಲಿನಲ್ಲಿ ಉರುಳಿತು. ಆಮೇಲೆ ಗಜದ ಮೇಲೆ ಎರಡು ಗೆರೆ ಎಳೆದುಕೊಟ್ಟರು. ನಳಿಗೆ ಖಾಲಿಯಿದ್ದರೆ ಗಜ ಇಲ್ಲಿಯವರೆಗೆ ಇಳಿಯುತ್ತದೆ, ತುಂಬಿದ್ದರೆ ಅಲ್ಲಿಯವರೆಗೆ. "ಕಥೆ ಹೇಳುವವರಿಗೆ ಇದು ಬೇಕು," ಅಂದರು.

ಮುಂದಿನ ಈಡು ಹಾರಿತು. ಸದ್ದು, ಹೆಗಲಿಗೊಂದು ಗುದ್ದು, ಎದುರಿಗೆ ಬಚ್ಚಲೊಲೆಗೆ ಹಸಿ ಸೌದೆ ಹಾಕಿದಂಥ ಬಿಳೀ ಹೊಗೆ. ಹೊಗೆ ಸರಿದಾಗ ಕಾಗದದಲ್ಲಿ ತೂತೇ ಇಲ್ಲ. ಬಾಣಲೆ ಭಗ್ ಅಂದ ಕೂಡಲೇ ನಾನು ಕಣ್ಣು ಮುಚ್ಚಿ ಮುಖ ತಿರುಗಿಸಿದ್ದೆನಂತೆ. ಐದನೆಯದು ಕಾಗದದ ಮೂಲೆಗೆ ತಗುಲಿತು. ಆ ಮೂಲೆಯನ್ನು ಹರಿದು ಜೇಬಿಗಿಟ್ಟುಕೊಂಡೆ.

ಮನೆಗೆ ಬಂದರೆ ಬಾಗಿಲಲ್ಲೇ ಅಮ್ಮ. ಮುಖವೆಲ್ಲ ಮಸಿ ಬಳಿದುಕೊಂಡ ಮಗನನ್ನು ನಿಲ್ಲಿಸಿ ಬಾಯಿ ಮೂಸಿದಳು. ಹೆಂಡದ ವಾಸನೆ ಇಲ್ಲ ಅಂತ ಸಮಾಧಾನವಾಯಿತೋ ಇಲ್ಲವೋ, ನಾನು ಬಚ್ಚಲಲ್ಲಿ ನಳಿಗೆಗೆ ಸೋಪಿನ ಬಿಸಿನೀರು ಹೊಯ್ದೆ. ಕಪ್ಪು ಮದ್ದಿನಲ್ಲಿ ಗಂಧಕ ಇರುತ್ತದೆ. ಅದರ ಮಸಿಗೆ ಬಿಸಿನೀರು ಬಿದ್ದರೆ ಕೊಳೆತ ಮೊಟ್ಟೆಯ ನಾತ. ಹಾಗಂತ ತೊಳೆಯದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ.

"ನನ್ನ ಕಣ್ಣು ತಪ್ಪಿಸಿ ಮನೇಲಿ ಮೊಟ್ಟೆ ಬೇರೆ ತಿಂತೀರಾ?" ಅಮ್ಮ ಈ ಸಲ ಕೇಳಿದ್ದು ನನ್ನ ಹೆಂಡತಿಯನ್ನು. ಆ ರಾತ್ರಿ ಇಬ್ಬರೂ ನನ್ನ ಜೊತೆ ಮಾತಾಡಲಿಲ್ಲ.

ಮುಂದಿನ ಶನಿವಾರ ಕೋವಿ ಹಿಡಿದು ಹೊರಟಾಗ ಅಮ್ಮ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರು ಹಿಡಿದು ಅಡ್ಡ ನಿಂತಿದ್ದಳು. ನುಂಗಿದೆ. ಬಾಯಿ ತೆರೆಸಿ ನೋಡಿದಳು.

"ಹ್ಞಾಂ, ಮದ್ದು ಆಯ್ತು. ಇನ್ನು ಗುಂಡು ಹಾಕ್ಕೊಂಡು ಬಾ."

ಬೇಲಿಯಾಚೆಯಿಂದ ಅಜ್ಜ ಕೇಳಿದರು: "ಅಮ್ಮ ಏನಂದರು?"

ಇಂಗ್ಲಿಷಿನಲ್ಲಿ ಹೇಳುವುದು ಹೇಗೆಂದು ರೇಂಜು ಮುಟ್ಟುವವರೆಗೂ ಯೋಚಿಸಿದೆ.