ಥಂಡಿ ಸೋಫಿಯೂ ನಮ್ಮ ಕೃತ್ತಿಕೆ ಮಳೆಯೂ

ಏಪ್ರಿಲ್ ಕೊನೆಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಒಳ್ಳೆ ಬಿಸಿಲು ಬಿತ್ತು. ಮೊಸರಿನ ಡಬ್ಬಿಗಳಲ್ಲಿ ಎಬ್ಬಿಸಿದ್ದ ಟೊಮೇಟೊ, ಬ್ಯಾಡಗಿ ಮೆಣಸಿನ ಸಸಿಗಳನ್ನು ಬಾಲ್ಕನಿಯ ಕುಂಡಕ್ಕೆ ಹಾಕಲು ಹೊರಟಿದ್ದೆ. ಪಕ್ಕದ ಮನೆಯವನು ಬೇಡ ಅಂದ. "ಥಂಡಿ ಸೋಫಿ ಹೋಗಲಿ, ಆಮೇಲೆ ನೆಡು." ಎಂಜಿನಿಯರ್ ಮನುಷ್ಯ. ನಾನು ಈ ಮನೆಗೆ ಬಂದ ದಿನ ರಾಹುಕಾಲ ಕಳೆಯಲಿ ಅಂತ ಸಾಮಾನು ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ದಕ್ಕೆ ನಕ್ಕವನೂ ಇವನೇ!

ಸೋಫಿ ಅಂದರೆ ಸಂತ ಸೋಫಿಯಾ, ಮೇ 15. ಅವಳಿಗಿಂತ ಮೊದಲು 12ಕ್ಕೆ ಪಂಕ್ರಾಟಿಯುಸ್, 13ಕ್ಕೆ ಸೆರ್ವಾಟಿಯುಸ್, 14ಕ್ಕೆ ಬೊನಿಫಾಟಿಯುಸ್. ಉತ್ತರ ಜರ್ಮನಿಯವರು 11ರ ಮಾಮೆರ್ಟುಸ್‌ನಿಂದಲೇ ಎಣಿಸುತ್ತಾರೆ. ಎಲ್ಲರೂ ಸೇರಿ 'ಐಸ್‌ಹೈಲಿಗೆ', ಹಿಮದ ಸಂತರು. ಪಾಪ, ಇವರಿಗೂ ಚಳಿಗೂ ಏನೂ ಸಂಬಂಧವಿಲ್ಲ. ಪಂಕ್ರಾಟಿಯುಸ್ ರೋಮ್‌ನಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟ ಹುಡುಗ, ಸೆರ್ವಾಟಿಯುಸ್ ಒಬ್ಬ ಬಿಷಪ್. ಅವರ ಹಬ್ಬದ ಆಸುಪಾಸಿನಲ್ಲೇ ಉತ್ತರದ ಗಾಳಿ ನುಗ್ಗುತ್ತೆ, ರಾತ್ರಿ ಮೋಡವಿಲ್ಲದಿದ್ದರೆ ನೆಲದ ಹತ್ತಿರ ಸೊನ್ನೆಗೂ ಕೆಳಗಿಳಿಯುತ್ತೆ, ಬೆಳಗಾಗುವಷ್ಟರಲ್ಲಿ ಟೊಮೇಟೊ ಎಲೆ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತು ಬಿದ್ದಿರುತ್ತೆ. ರೈತರು ಕಂಡಿದ್ದು ಇಷ್ಟೇ, ಗುರುತಿಗೆ ಸಂತರನ್ನು ಇಟ್ಟುಕೊಂಡರು.

ನನಗೆ ಹೊಟ್ಟೆಕಿಚ್ಚು ಯಾಕೆ ಅಂದರೆ, ಇಲ್ಲಿ ಈ ಹೆಸರು ಹೇಳೋಕೆ ಯಾರಿಗೂ ಸಂಕೋಚವಿಲ್ಲ. ರೇಡಿಯೊದ ಹವಾಮಾನದವರೂ ಹೇಳುತ್ತಾರೆ, ಸಸಿ ಮಾರುವ ಹುಡುಗಿಯೂ ಹೇಳುತ್ತಾಳೆ. ಚರ್ಚಿನ ಕಡೆ ತಲೆ ಹಾಕದವರೂ ಸೋಫಿಗೆ ಕಾಯುತ್ತಾರೆ. ನಮ್ಮಲ್ಲಿ? ಸರಿಯಾಗಿ ಅದೇ ಮೇ 11ರ ಹೊತ್ತಿಗೆ ಕೃತ್ತಿಕೆ ಮಳೆ ಶುರು, ಹಿಂದೆಯೇ ರೋಹಿಣಿ. ಇವರದು ಬರೀ ನಾಲ್ಕೈದು ದಿನದ ಹೆದರಿಕೆ, ನಮ್ಮದು ನಕ್ಷತ್ರದ ಹೆಸರಲ್ಲಿ ಇಡೀ ಮಳೆಗಾಲದ ಲೆಕ್ಕ. ಆದರೆ ಬೆಂಗಳೂರಿಗೆ ಫೋನ್ ಮಾಡಿ "ಕೃತ್ತಿಕೆ ಹೇಗೆ ಹುಯ್ತು?" ಅಂದರೆ ಅಣ್ಣನ ಮಗ "ಅದೆಲ್ಲ ಯಾರಿಗ್ಗೊತ್ತು ಚಿಕ್ಕಪ್ಪ, ಯಾವ್ದೋ ಸೈಕ್ಲೋನ್ ಅಂತೆ" ಅಂತಾನೆ. ಬಂಗಾಳ ಕೊಲ್ಲಿಯ ಚಂಡಮಾರುತದ ಹೆಸರು ಬಾಯಿಪಾಠ, "ಆದ್ರೆ ಆರಿದ್ರ, ಇಲ್ಲದಿದ್ರೆ ದರಿದ್ರ" ಅಂದರೆ ನಗು.

ಹಾಂ, ಸಂತರ ಲೆಕ್ಕವೂ ಪಕ್ಕಾ ಏನಲ್ಲ. 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರ್‌ನಿಂದ 10 ದಿನ ಹಾರಿಸಿದ, ಸಂತರ ತಾರೀಖು ಮಾತ್ರ ಇದ್ದಲ್ಲೇ ಉಳಿಯಿತು. ಹಳೆಯ ಲೆಕ್ಕ ಹಿಡಿದರೆ ಸೋಫಿ ಬರಬೇಕಾದ್ದು ಮೇ 25ರ ಹೊತ್ತಿಗೆ. 2017ರಲ್ಲಂತೂ ಏಪ್ರಿಲ್‌ನಲ್ಲೇ ಹಿಮ ಬಿದ್ದು ಸೇಬಿನ ಹೂವು, ದ್ರಾಕ್ಷಿ ಚಿಗುರು ಸುಟ್ಟುಹೋದವು, ಯಾವ ಸಂತರ ಲೆಕ್ಕಕ್ಕೂ ಅದು ಸಿಗಲಿಲ್ಲ. ಊರಲ್ಲಿ ಎಲ್ಲರೂ ಮರೆತಿದ್ದಾರೆ ಅನ್ನೋದೂ ತಪ್ಪಾಗುತ್ತೆ ಅನ್ನಿ. ನಮ್ಮ ಮಾವನಿಗೆ ಬಿತ್ತನೆಗೆ ಈಗಲೂ ನಕ್ಷತ್ರವೇ ಬೇಕು. ಆದರೆ ಅದನ್ನು ಬಾಯಿಬಿಟ್ಟು ಹೇಳೋದು ಹೊಲದಲ್ಲಿ ಮಾತ್ರ. ಬೆಂಗಳೂರಿಗೆ ಮಗನ ಮನೆಗೆ ಬಂದರೆ ಅವರೂ ಮೊಬೈಲ್ ತೆಗೆದು ಮೋಡದ ಚಿತ್ರ ತೋರಿಸುತ್ತಾರೆ.