ಮುಂಬಯಿಯ ಫ್ಲ್ಯಾಟಿಗೆ ವಾರಸುದಾರ ಯಾರು?

ಸಲಿಂಗಿಗಳ ಹಕ್ಕಿನ ಮಾತೆತ್ತಿದರೆ ನಮ್ಮವರು 2018ರ ಸೆಪ್ಟೆಂಬರ್ 6ಕ್ಕೇ ನಿಂತುಬಿಡುತ್ತಾರೆ. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ದಿನ ಅದು. ಉಗಾಂಡದ 2023ರ ಕಾಯ್ದೆಯಲ್ಲಿ ಮರಣದಂಡನೆಯೂ ಇರುವಾಗ ಇದು ದೊಡ್ಡ ಗೆಲುವೇ. ಆದರೆ ಜೈಲಿನ ಭಯ ಹೋದ ಮಾತ್ರಕ್ಕೆ ಸಂಸಾರ ಭದ್ರವಾಗುವುದಿಲ್ಲ.

ಡೊಂಬಿವಲಿಯಲ್ಲೋ ಮಾಟುಂಗಾದಲ್ಲೋ ಇಬ್ಬರು ಗಂಡಸರು ಒಟ್ಟಿಗೆ ಬಾಳುತ್ತಿದ್ದಾರೆ. ಫ್ಲ್ಯಾಟು ಒಬ್ಬನ ಹೆಸರಿನಲ್ಲಿದೆ, ಕಂತು ಇಬ್ಬರೂ ಕಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಆತ ವಿಲ್ ಬರೆಯದೆ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮನೆ ಊರಿನಲ್ಲಿರುವ ತಾಯಿಗೆ, ತಾಯಿ ಇಲ್ಲದಿದ್ದರೆ ತಂದೆಗೆ ಹೋಗುತ್ತದೆ. ಸಂಗಾತಿಗೆ ಚಿಕ್ಕಾಸೂ ಇಲ್ಲ. ಹೌಸಿಂಗ್ ಸೊಸೈಟಿಯಲ್ಲಿ ನಾಮಿನಿ ಮಾಡಿದ್ದೇನೆ ಎಂಬ ಧೈರ್ಯವೂ ಸಾಲದು, ನಾಮಿನಿ ವಾರಸುದಾರರ ಪರವಾಗಿ ಮನೆ ನೋಡಿಕೊಳ್ಳುವವನಷ್ಟೆ. ದಾನಪತ್ರ ಮಾಡೋಣವೆಂದರೆ, ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಹೆಂಡತಿಗೋ ಮಕ್ಕಳಿಗೋ ಕೊಟ್ಟಾಗ ಮುದ್ರಾಂಕ ಶುಲ್ಕ ಬರೀ 200 ರೂಪಾಯಿ; ಸಂಗಾತಿಗೆ ಆ ರಿಯಾಯಿತಿ ಇಲ್ಲ. ಸಾಲದ್ದಕ್ಕೆ, ಸಂಬಂಧಿಯಲ್ಲದವರಿಂದ ವರ್ಷಕ್ಕೆ 50,000 ಮೀರಿ ಬಂದ ಉಡುಗೊರೆಗೆ ಆದಾಯ ತೆರಿಗೆ. ಜೀವ ವಿಮೆಯಲ್ಲೂ ಇದೇ ಕಥೆ: 2015ರ ತಿದ್ದುಪಡಿಯ ಬಳಿಕ ತಂದೆತಾಯಿ, ಗಂಡಹೆಂಡಿರು, ಮಕ್ಕಳು ನಾಮಿನಿಯಾದರೆ ಹಣ ಅವರದ್ದೇ, ಸಂಗಾತಿ ಆ ಪಟ್ಟಿಯಲ್ಲಿಲ್ಲ.

ಥಾಯ್ಲೆಂಡ್ ಇದನ್ನೆಲ್ಲ ಒಂದೇ ಏಟಿಗೆ ಬಗೆಹರಿಸಿತು. 2025ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಮದುವೆಯ ಕಾನೂನಿನಲ್ಲಿದ್ದ ಗಂಡುಹೆಣ್ಣಿನ ಷರತ್ತನ್ನೇ ತೆಗೆಯಿತು. ಆಸ್ತಿ, ದತ್ತು, ಚಿಕಿತ್ಸೆಯ ಒಪ್ಪಿಗೆ ಎಲ್ಲ ಅದರ ಹಿಂದೆಯೇ ಬಂದವು. ತೈವಾನ್ 2019ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು, ದತ್ತಿನ ಹಕ್ಕು ಪೂರ್ತಿಯಾಗಲು 2023ರವರೆಗೆ ಕಾಯಬೇಕಾಯಿತು. ಜಪಾನಿನಲ್ಲಿ 2015ರಿಂದ ನಗರಾಡಳಿತಗಳು ಕೊಡುತ್ತಿರುವ ಸಂಗಾತಿ ಪ್ರಮಾಣಪತ್ರದಿಂದ ವಾರಸು ಹಕ್ಕು ಬರುವುದಿಲ್ಲ. ಅರ್ಧ ಹಕ್ಕು ಕೊಟ್ಟು ಸಮಾಧಾನ ಹೇಳುವ ದಾರಿ ನನಗೆ ಒಪ್ಪಿಗೆಯಿಲ್ಲ. ಇಲ್ಲೇ ಪಕ್ಕದ ಗೋವಾ ನೋಡಿ: ಅಲ್ಲಿನ ಕುಟುಂಬ ಕಾನೂನಿನ ಮೂಲ 1867ರ ಪೋರ್ಚುಗೀಸ್ ಸಂಹಿತೆ. ಪೋರ್ಚುಗಲ್ 2010ರಲ್ಲೇ ಸಲಿಂಗ ವಿವಾಹ ಒಪ್ಪಿತು, ಗೋವಾ ಇನ್ನೂ ಒಪ್ಪಿಲ್ಲ.

ನಮ್ಮ ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಮದುವೆಯ ವಿಷಯವನ್ನು ಸಂಸತ್ತಿಗೆ ಬಿಟ್ಟಿತು. 2024ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ, ಸಲಿಂಗ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು ಎಂದು ಸ್ಪಷ್ಟಪಡಿಸಿತು. ಅದನ್ನು ಇಂದೇ ಮಾಡಿಕೊಳ್ಳಿ. ಆದರೆ ಮೊದಲು ವಿಲ್. ಮುದ್ರಾಂಕ ಶುಲ್ಕವಿಲ್ಲ. ಇಬ್ಬರು ಸಾಕ್ಷಿಗಳು ಬೇಕು, ಸಂಗಾತಿಯೇ ಸಾಕ್ಷಿಯಾಗುವುದು ಬೇಡ. ಮನೆಯವರು ತಕರಾರು ತೆಗೆಯುವ ಸಂಭವವಿದ್ದರೆ ಸ್ವಸ್ಥಚಿತ್ತದ ಬಗ್ಗೆ ವೈದ್ಯರ ಪತ್ರ ಲಗತ್ತಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಮುಖ್ತ್ಯಾರ್ ಪತ್ರ (ಪವರ್ ಆಫ್ ಅಟಾರ್ನಿ) ನಂಬಿ ಕೂರಬೇಡಿ, ಬರೆದುಕೊಟ್ಟವರ ಸಾವಿನೊಂದಿಗೆ ಅದೂ ಮುಗಿಯುತ್ತದೆ. ನಮ್ಮ ಕನ್ನಡ ಸಂಘಗಳು ಹಿರಿಯರಿಗೆಂದು ವಕೀಲರನ್ನು ಕರೆಸಿ ವಿಲ್ ಮಾಹಿತಿ ಕೊಡಿಸುವಾಗ ಈ ಜೋಡಿಗಳನ್ನೂ ಹೆಸರು ಹಿಡಿದು ಕರೆಯಲಿ.